ಪಿಳ್ಳಣ್ಣ ಒಳಗೆ ತಂದುಕೊಡದ ಬ್ಯಾಟರಿ

“ಪಿಳ್ಳಣ್ಣ, ಕೆಳಗಿಡಿ! ಅಲ್ಲೇ ಇಡಿ!”

ಅಗ್ನಿಶಾಮಕ ಠಾಣಾಧಿಕಾರಿ ನವ್ಯಶ್ರೀ ಹಿಂದಿನಿಂದ ಕೂಗಿದಳು. ಪಿಳ್ಳಣ್ಣ ಇಡಲಿಲ್ಲ. ಎರಡೂ ಕೈಯಲ್ಲಿ ಎತ್ತಿಕೊಂಡಿದ್ದ ಸ್ಕೂಟರ್ ಬ್ಯಾಟರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಂದೆ ಬೀದಿಯಲ್ಲಿ ಸುಟ್ಟು ಕರಿಯಾದ ಎಲೆಕ್ಟ್ರಿಕ್ ಸ್ಕೂಟರ್ ಬಿದ್ದಿತ್ತು. ಮುಂದೆ ಮುನಿರಾಮಯ್ಯನವರ ಪವರ್‌ಲೂಮ್ ಶೆಡ್ಡು. ತೆರೆದ ಬಾಗಿಲೊಳಗೆ ನೂಲು ಸುತ್ತುವ ಹೆಂಗಸರು ಕುತ್ತಿಗೆ ಚಾಚಿ ನೋಡುತ್ತಿದ್ದರು. ಅವರ ಪಕ್ಕದಲ್ಲೇ ಮಡಿಚಿಟ್ಟ ಸೀರೆಗಳು ಎದೆಯೆತ್ತರಕ್ಕಿದ್ದವು.

“ತಂದ್ಬಿಡಣ್ಣ ಒಳಕ್ಕೆ, ಸ್ಕೂಟರ್ ಕಂಪನಿಯವ್ರಿಗೆ ತೋರಿಸ್ಬೇಕು,” ಎಂದರು ಮುನಿರಾಮಯ್ಯ. “ಕಾಫಿ ರೆಡಿ ಐತೆ.”

ಬೆಂಕಿ ಆರಿಸಿದ ಮೇಲೆ ಉಳಿದದ್ದನ್ನು ಮನೆಯವರ ಕೈಗೆ ಕೊಟ್ಟೇ ಗಾಡಿ ಹತ್ತುವುದು ಅಗ್ನಿಶಾಮಕ ಪಿಳ್ಳಣ್ಣನ ಕಟ್ಟಳೆ. ದೇವರ ಪಟವೋ, ಬೀರುವಿನ ಕೀಲಿಯೋ, ಅರ್ಧ ಸುಟ್ಟ ಹಾಸಿಗೆಯೋ, ಏನಾದರೂ ಸರಿ. ಒಳಗೆ ತಂದುಕೊಟ್ಟು, ಅವರು ಕೊಟ್ಟ ಕಾಫಿ ಕುಡಿಯಬೇಕು. ಅಲ್ಲಿಯವರೆಗೆ ಬೆಂಕಿ ಪೂರ್ತಿ ಆರಿತು ಎಂದು ಅವನಿಗೆ ಅನ್ನಿಸುತ್ತಲೇ ಇರಲಿಲ್ಲ.

“ಆರೋಗಿರೋ ಬೆಂಕಿಗೆ ಯಾಕ್ ಮೇಡಮ್ ಇಷ್ಟು ಗಾಬ್ರಿ?” ಎಂದು ಅವನು ಬಾಗಿಲ ಕಡೆಗೆ ಕಾಲಿಟ್ಟ.

ನವ್ಯಶ್ರೀ ಓಡಿಬಂದು ಅಡ್ಡ ನಿಂತಳು. ಅಷ್ಟರಲ್ಲಿ ಕೈಗವಸಿನೊಳಗಿಂದ ಪಿಳ್ಳಣ್ಣನ ಅಂಗೈಗೆ ಬಿಸಿ ಹತ್ತಿತು. ಆಗತಾನೆ ಒಲೆಯಿಂದ ಇಳಿಸಿದ ಪಾತ್ರೆ ಹಿಡಿದ ಹಾಗಿತ್ತು. ಒಳಗೆಲ್ಲೋ ಸುಯ್ ಎಂದಿತು. ಅವನು ಅದನ್ನು ದಡಕ್ಕನೆ ಕೆಳಗಿಟ್ಟ. ನವ್ಯಶ್ರೀ ಅವನ ಬೆಲ್ಟು ಹಿಡಿದು ಹಿಂದಕ್ಕೆಳೆದಳು. ಬಿಳಿ ಹೊಗೆ ಎದ್ದಿತು. ಅದರ ಹಿಂದೆಯೇ ಆಳೆತ್ತರದ ಉರಿ.

ಶೆಡ್ಡಿನ ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಹೆಂಗಸರಿಗೆ ಹೊರಗೆ ಬರಲು ಇದ್ದದ್ದು ಅದೊಂದೇ ಬಾಗಿಲು.

ಮತ್ತೆ ನೀರು ಹಾಯಿಸಿ ಆರಿಸಿದರು, ಯಾರಿಗೂ ಏನೂ ಆಗಲಿಲ್ಲ. ಆ ದಿನ ಪಿಳ್ಳಣ್ಣ ಕಾಫಿ ಕುಡಿಯಲಿಲ್ಲ. ಠಾಣೆಗೆ ಬಂದು ನವ್ಯಶ್ರೀಯ ಮೇಜಿನ ಮುಂದೆ ನಿಂತ.

“ಮೇಡಮ್, ಬ್ಯಾಟರಿ ಪಾಠ ಇನ್ನೊಂದ್ಸಲ ಹೇಳಿ.”

“ಹೋದ ತಿಂಗಳು ಹೇಳುವಾಗ ಗೊರಕೆ ಹೊಡೀತಿದ್ರಲ್ಲ?”

“ಹೊಡೀತಿದ್ದೆ. ಈಗ ಎಚ್ಚರ ಆಗೈತೆ.”

ಅವಳು ನಕ್ಕಳು. ಆಮೇಲೆ ಇಡೀ ತಂಡವನ್ನೇ ಕೂರಿಸಿಕೊಂಡಳು.

“ಬ್ಯಾಟರಿ ಒಳಗೆ ಸಣ್ಣ ಸಣ್ಣ ಸೆಲ್ಲುಗಳು ಒತ್ತೊತ್ತಾಗಿ ಕೂತಿರ್ತವೆ. ಒಂದು ಕೆಟ್ಟು ಕಾದ್ರೆ ಪಕ್ಕದ್ದನ್ನೂ ಕಾಯಿಸುತ್ತೆ. ನಾವು ಮೇಲಿನ ಉರಿ ಆರಿಸ್ತೀವಿ, ಒಳಗಿನ ಕಾವು ಹಂಗೇ ಇರುತ್ತೆ. ಗಂಟೆಗಳಾದ್ಮೇಲೆ, ಒಂದೊಂದ್ಸಲ ದಿನಗಳಾದ್ಮೇಲೂ ಮತ್ತೆ ಹತ್ಕೊಳ್ಳುತ್ತೆ.”

“ಹಂಗಾದ್ರೆ ಅದಕ್ಕೆ ಮದ್ದೇನು?”

“ನೀರೇ. ಆದ್ರೆ ತುಂಬಾ ನೀರು, ತುಂಬಾ ಹೊತ್ತು. ದೂರದಿಂದ. ಚುಚ್ಚೋದು, ಬಿಚ್ಚೋದು ಮಾಡೋ ಹಾಗಿಲ್ಲ. ಮುಖವಾಡ, ಗಾಳಿ ಸಿಲಿಂಡರ್ ಇಲ್ದೆ ಹತ್ರ ಸುಳಿಯೋ ಹಾಗೂ ಇಲ್ಲ.”

“ಮಾಕಳಿದುರ್ಗದ ಬೆಟ್ಟದ ಹೊಗೆಯೆಲ್ಲಾ ಕುಡಿದವ್ನು ಮೇಡಮ್ ನಾನು!”

“ಅದು ಹುಲ್ಲಿನ ಹೊಗೆ ಪಿಳ್ಳಣ್ಣ. ಇದು ವಿಷ, ಇದರ ಮುಂದೆ ಅದು ಸಾಂಬ್ರಾಣಿ.”

ಮುಂದಿನ ವಾರ ತಂಡ ಮುನಿರಾಮಯ್ಯನವರ ಶೆಡ್ಡಿಗೇ ಹೋಯಿತು. ಬೆಂಕಿ ಬಿದ್ದಿರಲಿಲ್ಲ, ಬಿದ್ದರೆ ಏನು ಮಾಡಬೇಕೆಂದು ಕಲಿಯಲು ಹೋದದ್ದು. ಕರೆಂಟು ಹೋದಾಗ ಮಗ್ಗ ನಿಲ್ಲಬಾರದೆಂದು ಮುನಿರಾಮಯ್ಯ ಚಾವಣಿಗೆ ಸೋಲಾರ್ ಹಾಕಿಸಿ, ಹಿಂದಿನ ಕೋಣೆಯಲ್ಲಿ ದೊಡ್ಡ ಲಿಥಿಯಂ ಬ್ಯಾಟರಿಗಳನ್ನು ಇಡಿಸಿದ್ದರು.

“ಈ ಕೋಣೆಯಿಂದ ಹೊಗೆ ಬರ್ತಿದೆ ಅಂದ್ಕೊಳ್ಳಿ. ಏನ್ ಮಾಡ್ತೀರ?” ಎಂದಳು ನವ್ಯಶ್ರೀ.

ಪಿಳ್ಳಣ್ಣ ಬಾಗಿಲು ಒದೆಯಲು ಕಾಲೆತ್ತಿದ. ಎತ್ತಿದ ಕಾಲನ್ನು ತಾನೇ ಇಳಿಸಿದ.

“ತೆಗೆಯಲ್ಲ. ಒಳಗೆ ಗ್ಯಾಸ್ ತುಂಬಿರುತ್ತೆ, ಗಾಳಿ ಸೇರಿದ್ರೆ ಸಿಡಿಯುತ್ತೆ. ಮೊದ್ಲು ಜನಾನ ದೂರ ಕಳಿಸ್ತೀನಿ. ಆಮೇಲೆ ಕರೆಂಟ್ ಕಟ್ ಮಾಡೋ ಸ್ವಿಚ್ ಹುಡುಕ್ತೀನಿ. ಎಲ್ಲೈತೆ ಯಜಮಾನ್ರೇ?”

ಮುನಿರಾಮಯ್ಯ ತಲೆ ಕೆರೆದುಕೊಂಡರು. “ಬಾಗಿಲೊಳಗೇ ಐತಲ್ಲಪ್ಪಾ!”

“ಚೆನ್ನಾಗೈತೆ! ಬೆಂಕಿನೇ ಬಂದು ಆಫ್ ಮಾಡ್ಲಿ ಅಂತಾನಾ?”

ಎಲ್ಲರೂ ನಕ್ಕರು, ಮುನಿರಾಮಯ್ಯನವರೂ. ಸ್ವಿಚ್ಚು ಹೊರಗೋಡೆಗೆ ಬಂತು. ಕೋಣೆಗೊರಗಿದ್ದ ಸೀರೆಗಳು ಜಾಗ ಬಿಟ್ಟವು. ಸ್ಕೂಟರ್ ಚಾರ್ಜಿಗೆ ಹಾಕುವ ಪ್ಲಗ್ಗು ಬಾಗಿಲ ಬುಡದಿಂದ ಅಂಗಳದ ತುದಿಗೆ ಹೋಯಿತು. ತಂಡದವರೆಲ್ಲ ಸಿಲಿಂಡರ್ ಬೆನ್ನಿಗೇರಿಸಿ, ಮುಖವಾಡ ತೊಟ್ಟು, ಬೆವರು ಸುರಿಸಿ ಅಭ್ಯಾಸ ಮಾಡಿದರು. ನೋಡಲು ಬಂದ ಮಗ್ಗದವರಿಗೂ ವಿಷಯ ತಿಳಿಯಿತು.

ತಿಳಿದದ್ದು ಕೆಲಸಕ್ಕೂ ಬಂತು. ಒಂದು ಬೆಳಿಗ್ಗೆ ಪಕ್ಕದ ಬೀದಿಯಲ್ಲಿ, ವೆಂಕಟರಾಯಪ್ಪನವರ ದಿನಸಿ ಅಂಗಡಿಯ ಮುಂದೆ ನಿಂತಿದ್ದ ಎಲೆಕ್ಟ್ರಿಕ್ ಲಗೇಜ್ ಆಟೋದಿಂದ ಹೊಗೆ ಎದ್ದಿತು. ಕಂಡವರು ಮುನಿರಾಮಯ್ಯ. ಜನರನ್ನು ದೂರ ಕಳಿಸಿ 112ಕ್ಕೆ ಫೋನ್ ಮಾಡಿದರು. “ಬ್ಯಾಟರಿ ಆಟೋ ಸ್ವಾಮಿ, ಬ್ಯಾಟರಿಯಿಂದ್ಲೇ ಹೊಗೆ,” ಎಂದು ಬಿಡಿಸಿ ಹೇಳಿದರು. ಆ ಮಾತಿನಿಂದಾಗಿ ತಂಡ ಮುಖವಾಡ ತೊಟ್ಟೇ ಗಾಡಿಯಿಂದಿಳಿಯಿತು. ಹಿಂದೆಯೇ ಎರಡನೇ ನೀರಿನ ಗಾಡಿಯೂ ಬಂತು.

ಉರಿ ಬೇಗ ಆರಿತು. ನೀರು ನಿಲ್ಲಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಪಿಳ್ಳಣ್ಣ ಶಾಖ ತೋರಿಸುವ ಕ್ಯಾಮೆರಾ ಹಿಡಿದು ನೋಡಿದ. ಆಟೋದ ಹೊಟ್ಟೆಯಲ್ಲಿ ಇನ್ನೂ ಒಂದು ಬಿಸಿ ಮಚ್ಚೆ ಹೊಳೆಯುತ್ತಿತ್ತು. ಹಗ್ಗ ಕಟ್ಟಿ ಆಟೋವನ್ನು ಎದುರಿನ ಖಾಲಿ ನಿವೇಶನದ ನಡುವಿಗೆ ಎಳೆಸಿದರು.

ಅಕ್ಕ, ಅಣ್ಣ, ಇದನ್ನು ಓದುತ್ತಿರುವ ನಿಮ್ಮ ಅಂಗಳದಲ್ಲೂ ಒಂದು ಬ್ಯಾಟರಿ ಗಾಡಿ ಇರಬಹುದು. ಇರಲಿ, ಹೆದರಬೇಡಿ. ಹೊರಗೆ ಹೋಗುವ ಬಾಗಿಲ ಬಳಿ ಮಾತ್ರ ಅದನ್ನು ಚಾರ್ಜಿಗೆ ಹಾಕಬೇಡಿ. ಹೊಗೆ ಕಂಡರೆ ಮುಟ್ಟಬೇಡಿ, ದೂರ ಸರಿದು 112ಕ್ಕೆ ಫೋನ್ ಮಾಡಿ, “ಬ್ಯಾಟರಿ” ಎಂಬ ಮಾತು ಮರೆಯದೆ ಹೇಳಿ. ನಿಮ್ಮ ಶೆಡ್ಡಿನಲ್ಲಿ ಬ್ಯಾಟರಿ ಕೋಣೆಯಿದ್ದರೆ ಈಗಲೇ ಅಗ್ನಿಶಾಮಕ ಠಾಣೆಯವರನ್ನು ಕರೆದು ತೋರಿಸಿ. ಅವರು ಅಭ್ಯಾಸಕ್ಕೆ ಬಂದರೆ ಬಾಗಿಲು ತೆರೆಯಿರಿ. ನಿಮ್ಮ ಮನೆಯ ಗುರುತು ಅವರಿಗೆ ಬೆಂಕಿಯ ದಿನವೇ ಮೊದಲ ಸಲ ಆಗಬಾರದು. ಆರಿದ ಬ್ಯಾಟರಿಯನ್ನು ಒಳಗೆ ತಂದುಕೊಡಿ ಎಂದು ಮಾತ್ರ ಕೇಳಬೇಡಿ.

ವೆಂಕಟರಾಯಪ್ಪ ಕೇಳಿಯೇಬಿಟ್ಟರು.

“ತಣ್ಣಗಾಗೋಯ್ತಲ್ಲ ಪಿಳ್ಳಣ್ಣ, ಗೋಡೌನ್ ಖಾಲಿ ಐತೆ, ಒಳಕ್ಕೆ ತಳ್ಳಿಸ್ಬಿಡು. ಬಾ, ಕಾಫಿ ಕುಡಿಯೋಣ. ನೀನು ಕಾಫಿ ಕುಡೀದೆ ಹೋದೋನೇ ಅಲ್ವಲ್ಲ!”

ಪಿಳ್ಳಣ್ಣ ಅವರ ಕೈಯಲ್ಲಿದ್ದ ಹಬೆಯಾಡುವ ಕಾಫಿ ಲೋಟವನ್ನು ನೋಡಿದ. ಆಮೇಲೆ ನಿವೇಶನದ ನಡುವೆ ನಿಂತ ಆಟೋವನ್ನು ನೋಡಿದ.

“ಅದು ಒಳಕ್ಕೆ ಬರಲ್ಲ. ನಾನೂ ಬರಲ್ಲ.”