ಹೊಳೆಯ ಮೇಲೆ ನಡೆದ ಊರು

ಸಾವಿರದ ಒಂಬೈನೂರ ನಲವತ್ತಾರರ ಬೇಸಿಗೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅಹ್ಮದ್ ಪಾಷಾ ಸಾಹೇಬರದು ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಹಳೆಯ ಚಿತ್ರಗಳ ಕೊಳೆ ತೆಗೆಯುವ ಕೆಲಸ ಹಲಸೂರಿನ ಆದಿಲಕ್ಷ್ಮಿಯದು. ಬಣ್ಣಕ್ಕೆ ಪೆಟ್ಟಾಗದ ಹಾಗೆ ಹೊಗೆ, ಜಿಡ್ಡು ಬಿಡಿಸುವುದರಲ್ಲಿ ಒಂಬತ್ತು ವರ್ಷ ಪಳಗಿದ ಕೈ ಅವಳದು.

ಸ್ವದೇಶಕ್ಕೆ ಹಡಗು ಹತ್ತಲಿದ್ದ ಮುದುಕಿ ದೊರೆಸಾನಿಯೊಬ್ಬರು ಆ ವಾರ ಒಂದು ಚಿತ್ರ ಕೊಟ್ಟು ಹೋಗಿದ್ದರು. ಅವರ ತಾತ ಬರೆದದ್ದಂತೆ. ಮೂಲೆಯಲ್ಲಿ ೧೮೬೮ ಎಂದಿತ್ತು. ಎರಡು ಕಡೆ ಮನೆಗಳ ಸಾಲು, ಚಾವಣಿಗಳ ಮೇಲೆಲ್ಲ ಬಿಳುಪು, ನಡುವೆ ಅಗಲವಾದ ರಸ್ತೆ, ಅದರ ತುಂಬ ಜನ.

"ಹಿಮ ಬಿದ್ದಿರೋ ಬೀದಿ. ಅವರ ಮನೆ ಮುಂದಿನದಂತೆ," ಎಂದಿದ್ದರು ಸಾಹೇಬರು.

ಆದಿಲಕ್ಷ್ಮಿ ಎರಡು ದಿನ ಒದ್ದೆ ಹತ್ತಿಯಲ್ಲಿ ಇಂಚಿಂಚೇ ಒರೆಸಿದಳು. ಮೂರನೆಯ ದಿನ ಎಡಗಡೆಯ ಕಪ್ಪು ಕರಗಿ ಕಲ್ಲಿನ ಕಮಾನೊಂದು ಹೊರಬಂತು. ಪಕ್ಕದಲ್ಲಿ ಇನ್ನೊಂದು. ಸೇತುವೆ! ದೀಪದ ಕಂಬ ಅಂದುಕೊಂಡಿದ್ದರ ಬುಡವನ್ನೂ ಒರೆಸಿದಳು. ಅಲ್ಲಿ ಕಂಡದ್ದು ದೋಣಿ.

"ಸಾಬ್ರೇ, ಓಡ್ ಬನ್ನಿ! ಇದು ರಸ್ತೆ ಅಲ್ಲ, ಹೊಳೆ!"

"ಅರೆ, ಹೊಳೆ ಮೇಲೆ ಜನ ಹೆಂಗಮ್ಮಾ ನಡೀತಾರೆ?"

"ಮೀನಿನ ಅಂಗಡೀಲಿ ಮರದ ಪುಡಿ ಮುಚ್ಚಿ ಇಡ್ತಾರಲ್ಲ ಐಸ್‌ಗಡ್ಡೆ, ಹೊಳೆ ಪೂರ್ತಿ ಹಂಗೆ ಗಟ್ಟಿಯಾಗ್ಬಿಟ್ಟಿದೆ! ನೋಡಿ, ದೋಣಿ ಸಿಕ್ಕಾಕ್ಕೊಂಡಿದೆ. ಇಲ್ಲೊಬ್ಬ ಜಾರಿ ಬಿದ್ದವ್ನೆ, ಎಲ್ಲಾ ನಗ್ತವ್ರೆ!"

ಸಾಹೇಬರು ಭೂತಗನ್ನಡಿ ಹಿಡಿದು ಬಗ್ಗಿದರು. "ಯಾ ಅಲ್ಲಾ!" ಎಂದವರಿಗೆ ಮರುಕ್ಷಣವೇ ದಿಗಿಲಾಯಿತು. "ದೊರೆಸಾನಿಗೆ ಹೇಳ್ಬೇಡ. ಚಿತ್ರ ಕೆಡಿಸಿದ್ರಿ ಅಂತ ಜಗಳಕ್ಕೆ ಬಂದಾರು."

ಮಾರನೆಯ ದಿನ ದೊರೆಸಾನಿ ಬಂದಾಗ ಆದಿಲಕ್ಷ್ಮಿಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. ದೋಣಿಯ ಕಡೆ ಬೆರಳು ತೋರಿ, "ವಾಟರ್, ಅಮ್ಮಾವ್ರೇ! ಐಸ್!" ಎಂದೇಬಿಟ್ಟಳು.

ದೊರೆಸಾನಿ ಬಗ್ಗಿ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕುಸಿದು, ನಗುತ್ತ ಅಳುತ್ತ ಇಂಗ್ಲಿಷಿನಲ್ಲಿ ಏನೇನೋ ಹೇಳತೊಡಗಿದರು. ಸಾಹೇಬರು ಒಂದೊಂದೇ ಮಾತನ್ನು ಕನ್ನಡಕ್ಕಿಳಿಸಿದರು. ಒಂದು ಚಳಿಗಾಲ ಊರಿಗೆ ಊರೇ ಹೊಳೆಯ ಮೇಲೆ ನಡೆದಾಡಿತ್ತೆಂದು ತಾತ ಸಾಯುವವರೆಗೂ ಹೇಳುತ್ತಿದ್ದರಂತೆ. ಯಾರೂ ನಂಬಲಿಲ್ಲ. ಬೆಂಕಿಗೂಡಿನ ಮೇಲೆ ತೂಗುಹಾಕಿದ್ದ ಚಿತ್ರ ವರ್ಷವರ್ಷವೂ ಕಪ್ಪಾಗುತ್ತ ಹೋಯಿತು.

"ನಾನೂ ನಕ್ಕಿದ್ದೆ ಅಂತಾರಮ್ಮ," ಎಂದರು ಸಾಹೇಬರು ಮೆಲ್ಲಗೆ.

ದೊರೆಸಾನಿ ಆದಿಲಕ್ಷ್ಮಿಯ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಇನ್ನೇನು ಕಂಡೆ, ಎಲ್ಲ ತೋರಿಸು ಎಂದು ಸನ್ನೆ ಮಾಡಿದರು. ಆದಿಲಕ್ಷ್ಮಿ ಭೂತಗನ್ನಡಿಯನ್ನು ಹೊಳೆಯ ನಟ್ಟನಡುವೆ ಹಿಡಿದಳು.

"ಎಲ್ರೂ ಅವರವರ ಪಾಡಿಗೆ ಅವ್ರೆ. ಈ ಕೆಂಪು ಗಡ್ಡದವನೊಬ್ಬ ಮಾತ್ರ ಕೈಯೆತ್ತಿ ನಮ್ಮನ್ನೇ ನೋಡ್ತವ್ನೆ. ಯಾರು ಸಾಬ್ರೇ ಇವನು?"

ಸಾಹೇಬರು ಅದನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ದೊರೆಸಾನಿ "ಗ್ರ್ಯಾಂಡ್‌ಪಾ!" ಎಂದು ಚೀರಿದರು.