ಮೌನ ಬೆದೆ

ಕುರಿಗಳನ್ನು ಜಯರಾಮನಿಗೆ ಕೊಟ್ಟುಬಿಡುವುದೆಂದು ಸಾಮಿಯಾತಾಳ್ ತೀರ್ಮಾನಿಸಿದ್ದಳು. ಮರಿಗಳು ಹಾಲು ಬಿಟ್ಟು ಎಷ್ಟೋ ಕಾಲವಾದರೂ ಒಂದು ಕುರಿಯೂ ಬೆದೆಗೆ ಬಂದಿರಲಿಲ್ಲ. ಪಲ್ಲಡದಲ್ಲಿ ಮಾಂಸದಂಗಡಿ ಇಟ್ಟವನಿಗೆ ಬೆದೆಯ ಚಿಂತೆ ಎಲ್ಲಿಯದು? ತೂಕವಿದ್ದರೆ ಸಾಕು.

ಸೊಸೆ ಜಯಪ್ರಿಯಾ ಪಶುವೈದ್ಯ ಓದಿದವಳು. ಗಂಡ ದಿವಾಕರ್ ಸತ್ತ ಮೇಲೆ ಬೆಳಿಗ್ಗೆ ಎದ್ದೇಳಲು ಅವಳಿಗೆ ಉಳಿದಿದ್ದ ಕಾರಣ ಆ ಕುರಿಗಳೊಂದೇ. ಅವು ಹೋದರೆ ಏಳುವುದು ಯಾಕೆ? ಮನೆಯ ಟಗರನ್ನು ವಾಸನೆಯೂ ಬಾರದಷ್ಟು ದೂರಕ್ಕೆ ಕಳಿಸಿ, ಕೆಲವು ವಾರ ಬಿಟ್ಟು ನೆಗಮಂ ಕಡೆಯಿಂದ ಹೊಸದೊಂದನ್ನು ತರಿಸಿದಳು. ಟಗರು ಒಳಗಿರುವಾಗ ಗಂಡ ಸತ್ತವಳು ದೊಡ್ಡಿಯ ಹತ್ತಿರ ಸುಳಿಯಬಾರದು ಎಂದಳು ಅತ್ತೆ. ಸರಿ, ಬಾವಿಕಟ್ಟೆಯ ಮೇಲೆ ಕುಳಿತಳು. ಟಗರನ್ನು ಹೊರಗೆ ಮೇಯಲು ಕಟ್ಟಿದ ಹೊತ್ತು ನೋಡಿ ಕುರಿಗಳ ರಕ್ತ ತೆಗೆದು ಕೊಯಮತ್ತೂರಿಗೆ ಪರೀಕ್ಷೆಗೆ ಕಳಿಸಿದಳು.

ಜಯರಾಮನ್ ವ್ಯಾನು ತಂದು ನಿಲ್ಲಿಸಿದ ದಿನವೇ ಫೋನಿಗೆ ಫಲಿತಾಂಶ ಬಂತು.

"ಅತ್ತೆ, ಕೊಡಬೇಡಿ. ಇವು ಬೆದೆಗೆ ಬಂದು ಹೋಗಿವೆ."

"ನಾ ಇಲ್ಲೇ ಕೂತಿದ್ನಲ್ಲ ಅಮ್ಮಿಣಿ. ಒಂದೂ ಟಗರಿನ ಕಡೆ ತಿರುಗ್ಲಿಲ್ಲ."

"ಮೌನ ಬೆದೆ ಅಂತ ಅದಕ್ಕೆ."

"ಬೆದೇಲೂ ಮೌನವ್ರತಾನಾ!" ಸಾಮಿಯಾತಾಳ್ ನಕ್ಕಳು. ಜಯರಾಮನ್ ತಮಿಳಿನಲ್ಲಿ, "ಆತ್ತಾ, ಹಾಗಾದ್ರೆ ಕುರಿಗಳಿಗೆ ಕಾವಿ ಉಡಿಸಿಬಿಡಿ" ಎಂದ.

ಜಯಪ್ರಿಯಾ ನಗಲಿಲ್ಲ. ಹೊಸ ಟಗರಿನ ವಾಸನೆಗೆ ಕುರಿಯ ಮಿದುಳು ಎಚ್ಚೆತ್ತು ಅಂಡ ಬಿಡುಗಡೆಯಾಗಿದೆ. ಆದರೆ ಕುರಿಗೆ ಟಗರು ಬೇಕೆನಿಸಲು ಈಸ್ಟ್ರೋಜನ್ ಒಂದೇ ಸಾಲದು. ಅದಕ್ಕೆ ಮುಂಚೆ ಪ್ರೊಜೆಸ್ಟರಾನ್ ಮೈಯನ್ನು ಹದ ಮಾಡಿರಬೇಕು. ಈ ಸಲ ಹದವಿರಲಿಲ್ಲ. ಈಗ ರಕ್ತದಲ್ಲಿ ಅದು ಏರಿದೆ. ಅದು ಇಳಿದಾಗ ಬರುವ ಬೆದೆ ಕಣ್ಣಿಗೆ ಕಾಣುತ್ತದೆ. ಇಷ್ಟನ್ನೂ ಪಾಠ ಒಪ್ಪಿಸುವವಳಂತೆ ಹೇಳಿ ಮುಗಿಸಿದಳು.

"ಎಲ್ಲಾ ಕುರೀಗೂ ಬತ್ತದಾ?"

"ಎಲ್ಲಕ್ಕೂ ಅಂತ ಹೇಳೋಕಾಗಲ್ಲ, ಅತ್ತೆ. ಹೆಚ್ಚಿನವಕ್ಕೆ ಬರುತ್ತೆ."

ಎಲ್ಲಕ್ಕೂ ಬರುತ್ತದೆ ಎಂದಿದ್ದರೆ ಮುದುಕಿ ನಂಬುತ್ತಿರಲಿಲ್ಲವೇನೋ. "ನೋಡೋರು ಯಾರು? ನನ್ ಕಣ್ಣಿಗೆ ಪೊರೆ. ಬಾಲ ಅಲ್ಲಾಡಿದ್ರೂ ಕಾಣಲ್ಲ. ನೀನೇ ದೊಡ್ಡೀಲಿ ಕೂತು ನೋಡು" ಎಂದಳು.

"ಟಗರು ಇರುವಾಗ ನಾನು ಬರಬಾರದಲ್ಲ?"

"ಯಾರಂದ್ರು?"

"ನೀವೇ."

"ನಾ ಅಂದ್ರೆ? ಓದಿರೋಳು, ನನ್ ಮಾತ್ ಕೇಳ್ಕಂಡು ಬಾವಿ ಹತ್ರ ಹೋಗ್ ಕೂತ್ಯಾ?"

ಜಯರಾಮನ್ ಇನ್ನು ಇಲ್ಲಿ ತನಗೆ ಕೆಲಸವಿಲ್ಲವೆಂದು ತಿಳಿದು ವ್ಯಾನು ತಿರುಗಿಸಿದ. ಜಯಪ್ರಿಯಾ ದೊಡ್ಡಿಯ ತಟ್ಟಿ ಸರಿಸಿ ಒಳಗೆ ಹೋದಳು. ಟಗರು ಅವಳ ಸೀರೆಯ ಅಂಚನ್ನು ಮೂಸಿ ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.