ಎಡದಿಂದ ಮೂರನೆಯವಳು

ನನ್ನ ಅಮ್ಮ ಎಡದಿಂದ ಮೂರನೆಯವಳು. ಬುದ್ಧಿ ತಿಳಿದಾಗಿನಿಂದ ಅಮ್ಮನ ಬಗ್ಗೆ ನನಗೆ ಗೊತ್ತಿದ್ದ ವಿಳಾಸ ಇಷ್ಟೇ. ಬೇರೆ ಮಕ್ಕಳ ಅಮ್ಮಂದಿರು ಅಡುಗೆಮನೆಯಲ್ಲೋ ಆಫೀಸಿನಲ್ಲೋ ಇರುತ್ತಿದ್ದರು. ನನ್ನ ಅಮ್ಮ ಮಾತ್ರ ನಮ್ಮ ಹಳೆಯ ಟೀವಿಯಲ್ಲಿ, ಒಂದು ವಿಡಿಯೊ ಕ್ಯಾಸೆಟ್ಟಿನೊಳಗೆ, ಐರಿಶ್ ಸ್ಟೆಪ್ ಡಾನ್ಸ್ ಮಾಡುವವರ ಉದ್ದನೆಯ ಸಾಲಿನಲ್ಲಿ ನಿಂತಿರುತ್ತಿದ್ದಳು.

ಆ ನೃತ್ಯ ನೋಡದವರಿಗಾಗಿ ಹೇಳುತ್ತೇನೆ. ಸೊಂಟದಿಂದ ಮೇಲೆ ಏನೂ ನಡೆದೇ ಇಲ್ಲವೆಂಬಂತೆ ನೆಟ್ಟಗಿರಬೇಕು. ಕೈಗಳು ಪಕ್ಕೆಗೆ ಅಂಟಿಕೊಂಡಿರಬೇಕು. ಸೊಂಟದಿಂದ ಕೆಳಗೆ ಮಾತ್ರ ಕಾಲಿಗೆ ದೆವ್ವ ಮೆಟ್ಟಿಕೊಂಡಿರಬೇಕು. ಬೂಟಿನ ತುದಿಗೂ ಹಿಮ್ಮಡಿಗೂ ಗಟ್ಟಿ ತುಂಡು ಹಾಕಿರುತ್ತಾರೆ. ಇಡೀ ಸಾಲು ಒಟ್ಟಿಗೆ ಕುಟ್ಟಿದರೆ ನೋಡುವವರ ಎದೆಯೊಳಗೇ ಕುಟ್ಟಿದಂತಾಗುತ್ತದೆ.

ನನಗೆ ಎರಡು ವರ್ಷವಿದ್ದಾಗ ಅಮ್ಮ ಆ ನೃತ್ಯದ ಕಂಪನಿ ಸೇರಿಕೊಂಡಳು ಎಂದು ಅಪ್ಪ ಹೇಳಿದ್ದ. ಊರೂರು ತಿರುಗುವ ಕೆಲಸ, ಬರಲಿಕ್ಕಾಗುವುದಿಲ್ಲ. ಹೋಗುವಾಗ ತನ್ನ ಫೋಟೊಗಳನ್ನೆಲ್ಲ ತೆಗೆದುಕೊಂಡು ಹೋದಳು. ಅಲ್ಲಿ ಅವಳಿಗೆ ಬೇರೆ ಹೆಸರು. ವಯಸ್ಸಾದ ಮೇಲೆ ಕುಣಿಯುವುದು ಬಿಟ್ಟಳು, ಈಗ ಹೊಸಬರಿಗೆ ಹೇಳಿಕೊಡುತ್ತಾ ಪರದೆಯ ಹಿಂದೆ ಇರುತ್ತಾಳೆ. ಇಷ್ಟು ದೊಡ್ಡವಳಾಗಿ ಇದನ್ನೆಲ್ಲ ನಂಬಿಕೊಂಡು ಕೂತಿದ್ದೆಯಾ ಎಂದು ನೀವು ಕೇಳಬಹುದು. ಡಬ್ಬದಲ್ಲಿರುವುದು ಉಪ್ಪೋ ಸಕ್ಕರೆಯೋ ಎಂದು ದಿನಾ ನೆಕ್ಕಿ ನೋಡುವವರುಂಟೆ? ಚಿಕ್ಕಂದಿನಲ್ಲಿ ಅಪ್ಪ ಇಟ್ಟ ಡಬ್ಬ ಅದು. ಅದು ಹಾಗೇ ಇತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾವು ಮೂವರು ಟೀವಿ ಮುಂದೆ ಕೂರುತ್ತಿದ್ದೆವು: ನಾನು, ಅಪ್ಪ, ಮಹಡಿಯ ಮೇಲಿನ ಕೋಣೆಯಲ್ಲಿದ್ದ ಅತ್ತೆ, ಅಂದರೆ ಅಪ್ಪನ ಅಕ್ಕ. ಅಪ್ಪ ದರ್ಜಿ. ಮನೆಯ ಮುಂಭಾಗವೇ ಅಂಗಡಿ. ಅತ್ತೆ ಅಲ್ಲೇ ಕಾಜ ಹಾಕಿ ಗುಂಡಿ ಹೊಲಿಯುತ್ತಿದ್ದಳು. ನಮ್ಮ ಹತ್ತಿರ ಆ ಶೋದ ಎರಡು ಕ್ಯಾಸೆಟ್ ಇದ್ದವು. ಒಂದು ಮೊದಲ ತಂಡದ್ದು. ಇನ್ನೊಂದು ಕೆಲವು ವರ್ಷದ ನಂತರ, ಹೀರೊ, ಅಂದರೆ ಸಾಲಿನ ಮುಂದೆ ಕುಣಿಯುವವನು, ಬದಲಾಗಿ, ಬೇರೆ ಸಭಾಂಗಣದಲ್ಲಿ ತೆಗೆದದ್ದು. ಎರಡನ್ನೂ ಒಂದರ ಹಿಂದೊಂದು ಹಾಕಿ ತೂಗಿ ನೋಡುವುದೇ ನಮ್ಮ ಮನೆಯ ಆಟ.

ಅಪ್ಪನಿಗೆ ಬಟ್ಟೆಯ ಮೇಲೇ ಕಣ್ಣು. "ಮೊದಲನೇದ್ರಲ್ಲಿ ನೋಡು, ಅಪ್ಪಟ ಮಖಮಲ್ಲು. ತಿರುಗಿದ್ರೆ ಲಂಗ ಒಂದು ಗಳಿಗೆ ತಡವಾಗಿ ತಿರುಗತ್ತೆ. ಎರಡನೇದು ಬರೀ ನೈಲಾನು, ಕಾಸಿಗೆ ತಕ್ಕ ಕಜ್ಜಾಯ" ಅನ್ನುತ್ತಿದ್ದ. ಅತ್ತೆಗೆ ಹೀರೊಗಳದ್ದೇ ಚಿಂತೆ. "ಮೊದಲನೇವ್ನು ಗಂಡಸು. ಎರಡನೇವ್ನು ಬರೀ ಹುಂಜ. ಕುಣಿಯೋದಕ್ಕಿಂತ ಕೊಕ್ಕೋ ಅನ್ನೋದೇ ಜಾಸ್ತಿ." ಅವನು ಒಮ್ಮೆ ಹೆಜ್ಜೆ ತಪ್ಪಿ ವೇದಿಕೆಯ ಹಲಗೆಯನ್ನೇ ದಿಟ್ಟಿಸಿದಾಗಲಂತೂ, "ನೋಡು ನೋಡು, ಕುಣಿಯಲಾರದವನಿಗೆ ನೆಲ ಡೊಂಕು" ಎಂದು ಚಪ್ಪಾಳೆ ತಟ್ಟಿ ನಗುತ್ತಿದ್ದಳು. ನನ್ನ ಕಣ್ಣು ಕಾಲಿನ ಮೇಲೆ. ಸಾಲಿನವರೆಲ್ಲ ಕುಟ್ಟುವಾಗ ನಾನು ಒಬ್ಬಳ ಕಾಲನ್ನೇ ನೋಡುತ್ತಿದ್ದೆ.

ಮೊದಲ ಕ್ಯಾಸೆಟ್ಟಿನಲ್ಲಿ ಅಪ್ಪ ಬೆರಳಿಟ್ಟು ತೋರಿಸುತ್ತಿದ್ದ: ಎಡದಿಂದ ಮೂರನೆಯವಳು. ಎರಡನೆಯದರಲ್ಲೂ ಅಷ್ಟೇ, ಎಡದಿಂದ ಮೂರನೆಯವಳು. ಓಡಿ ಓಡಿ ಸವೆದ ಟೇಪು. ಮುಖಗಳೆಲ್ಲ ಹಿಟ್ಟು ಬಳಿದಂತೆ ಬೆಳ್ಳಗೆ ಕಾಣುತ್ತಿದ್ದವು. ಕೂದಲು ಮಾತ್ರ ಎರಡರಲ್ಲೂ ಕಪ್ಪು.

ಅವಳನ್ನು ನಾನು ಪ್ರೀತಿಸಿದಷ್ಟೇ ಬೈದಿದ್ದೇನೆ. ಶಾಲೆಯಲ್ಲಿ ಬಹುಮಾನ ಬಂದ ದಿನ, ಜ್ವರ ಬಂದು ಮಲಗಿದ ದಿನ, ಮೈನೆರೆದಾಗ ಅತ್ತೆಯೇ ಎಲ್ಲ ಹೇಳಿಕೊಟ್ಟ ದಿನ, ಮನಸ್ಸಿನಲ್ಲೇ ಅವಳ ಜನ್ಮ ಜಾಲಾಡಿದ್ದೇನೆ. ಅಪ್ಪನ ಎದುರಿಗೂ ಬಾಯಿಗೆ ಬಂದದ್ದೆಲ್ಲ ಅಂದಿದ್ದೇನೆ. ಮಾರನೆಯ ಭಾನುವಾರ ಮತ್ತೆ ಅವಳ ಕಾಲು ನೋಡುತ್ತಾ ಕೂರುತ್ತಿದ್ದೆ. ಕನ್ನಡಿಯ ಮುಂದೆ ನಿಂತು ಅವಳ ಹಾಗೆ ಕುತ್ತಿಗೆ ನೆಟ್ಟಗೆ ಮಾಡುತ್ತಿದ್ದೆ. ನಾನು ಈ ಕೆಲಸಕ್ಕೆ ಸೇರಿದ್ದೂ ಅದರಿಂದಲೇ ಇರಬೇಕು. ಮೂಳೆ ಆಸ್ಪತ್ರೆಯೊಂದರ ವ್ಯಾಯಾಮದ ಕೋಣೆಯಲ್ಲಿ, ಕಾಲು ಮುರಿದವರಿಗೆ, ಮಂಡಿ ಬದಲಾಯಿಸಿಕೊಂಡವರಿಗೆ ಮತ್ತೆ ನಡೆಯಲು ಕಲಿಸುತ್ತೇನೆ. ದಿನವಿಡೀ ನೋಡುವುದು ಬೇರೆಯವರ ನಡಿಗೆಯನ್ನೇ.

ಹೀಗಿರುವಾಗ ಆ ಕಂಪನಿ ನಮ್ಮ ಊರಿಗೇ ಬರುವ ಸುದ್ದಿ ಬಂತು. ಶನಿವಾರ ಸಂಜೆ ಶೋ. ನನಗೊಂದು, ಅಪ್ಪನಿಗೊಂದು ಎಂದು ಎರಡು ಟಿಕೆಟ್ ತಂದೆ. ಶೋ ಮುಗಿದ ಮೇಲೆ ಸಭಾಂಗಣದ ಹಿಂಬಾಗಿಲಲ್ಲಿ ನಿಲ್ಲುವುದು, ಹೊಸಬರಿಗೆ ಕಲಿಸುವ ಹೆಂಗಸು ಹೊರಗೆ ಬಂದಾಗ ಎದುರಿಗೆ ಹೋಗಿ ಒಂದೇ ಒಂದು ಮಾತು ಕೇಳುವುದು: 'ನನಗಿಂತ ಆ ಬೂಟೇ ಹೆಚ್ಚಾಯಿತಾ?' ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ ಇದನ್ನೇ ಹೇಳಿ ಹೇಳಿ ಅಭ್ಯಾಸ ಮಾಡಿದ್ದೆ. ಮೊದಮೊದಲು ಸಿಟ್ಟಿನಿಂದ ಬರುತ್ತಿದ್ದ ಮಾತು ಬರುಬರುತ್ತಾ ಅಳುವಿನಂತೆ ಕೇಳತೊಡಗಿತು.

ಅಪ್ಪ ಮಾತ್ರ ಕೈಗೆ ಸಿಗಲಿಲ್ಲ. "ಮದುವೆ ಸೂಟು ಅರ್ಜೆಂಟ್ ಇದೆ" ಅಂದ. "ಆ ದಿನ ಮಂಡಿ ನೋಯಬಹುದು" ಅಂದ. ಮುಂಬರುವ ನೋವನ್ನು ಮೊದಲೇ ಹೇಳುವ ರೋಗಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಿಂಬಾಗಿಲಲ್ಲಿ ಕಾಯುವ ಮಾತನ್ನೂ ಹೇಳಿ ಅತ್ತೆಯನ್ನು ಕೇಳಿದರೆ, "ಹೋಗೋದು ಬಿಡೋದು ನಿನ್ನಿಷ್ಟ, ನೋಡೋದಕ್ಕೇನು ನೋಡಬಹುದು" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಳು. ಇಬ್ಬರಿಗೂ ಅವಳ ಮೇಲೆ ಇನ್ನೂ ಕೋಪ ಹೋಗಿಲ್ಲ ಎಂದುಕೊಂಡೆ.

ಗುರುವಾರ ನನಗೆ ರಜೆ. ಕಂಪನಿಯವರು ಹಳೆಯ ಶೋಗಳನ್ನೆಲ್ಲ ಶುಚಿಮಾಡಿ, ಗಾಜಿನಷ್ಟು ಸ್ಪಷ್ಟವಾಗಿ ಇಂಟರ್‌ನೆಟ್ಟಿಗೆ ಹಾಕಿದ್ದರು. ಶನಿವಾರ ಸಿಗುವವಳ ಮುಖವನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳೋಣವೆಂದು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಮೊದಲನೆಯದನ್ನು ಹಾಕಿದೆ. ಸಾಲು ಬಂತು. ಎಡದಿಂದ ಮೂರನೆಯವಳು ಬಂದಳು. ದುಂಡು ಮುಖ, ಮೂಗಿನ ಮೇಲೆಲ್ಲ ಚುಕ್ಕಿ. ಹಾರಿ ಇಳಿಯುವಾಗ ಎಡಪಾದ ಕೊಂಚ ಒಳಕ್ಕೆ ತಿರುಗುತ್ತದೆ. 'ಅಮ್ಮಾ' ಎಂದೆ, ಜೋರಾಗಿಯೇ. ಅಪ್ಪ, ಅತ್ತೆ ಇಬ್ಬರೂ ಮುಂದೆ ಅಂಗಡಿಯಲ್ಲಿದ್ದರು.

ಆಮೇಲೆ ಎರಡನೆಯದು. ಎಡದಿಂದ ಮೂರನೆಯವಳು ಬಂದಳು. ನನಗೆ ಮೊದಲು ಕಂಡದ್ದು ಮುಖವಲ್ಲ, ಮಂಡಿ. ಈ ಮಂಡಿ ನೆಟ್ಟಗಾದಾಗ ಹಿಂದಕ್ಕೆ ಬಾಗುತ್ತದೆ. ಪಾದ ಎಲ್ಲೂ ಒಳಕ್ಕೆ ತಿರುಗುವುದಿಲ್ಲ. ತೊಡೆಯ ಮೂಳೆಯೇ ಉದ್ದ. ಮನುಷ್ಯರ ಮೈ ದಪ್ಪವಾಗಬಹುದು, ಸಣ್ಣಗಾಗಬಹುದು, ತೊಡೆಯ ಮೂಳೆ ನಡುವಯಸ್ಸಿನಲ್ಲಿ ಬೆಳೆಯುವುದಿಲ್ಲ. ಮುಖ ನೋಡಿದೆ. ಕೋಲುಮುಖ, ಚೂಪು ಗದ್ದ. ಆದರೂ ಮನಸ್ಸು ಕೇಳಬೇಕಲ್ಲ! ಅಪ್ಪ ಎಣಿಸುವುದರಲ್ಲಿ ತಪ್ಪಿರಬೇಕು ಎಂದು ಸಾಲಿನುದ್ದಕ್ಕೂ ಹುಡುಕಿದೆ. ಬಲತುದಿಯಲ್ಲಿ ದುಂಡು ಮುಖದವಳು ಸಿಕ್ಕಳು. ಎಡಪಾದ ಒಳಕ್ಕೆ ತಿರುಗಿಸಿಕೊಂಡು, ಮೂರನೆಯವಳಿದ್ದ ಅದೇ ವೇದಿಕೆಯ ಮೇಲೆ, ಅದೇ ತಾಳಕ್ಕೆ ಕುಣಿಯುತ್ತಿದ್ದಳು.

ನನ್ನ ಅಮ್ಮ ಇಬ್ಬರಾಗಿದ್ದಳು.

ಲ್ಯಾಪ್‌ಟಾಪನ್ನು ಹಾಗೇ ಎತ್ತಿಕೊಂಡು ಅಂಗಡಿಗೆ ಹೋದೆ. ಅಪ್ಪ ಕೋಟಿನ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಅತ್ತೆ ಕಿಟಕಿಯ ಹತ್ತಿರ ಕಾಜ ಹಾಕುತ್ತಿದ್ದಳು. ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ.

ಮೊದಲನೆಯದನ್ನು ಹಾಕಿ ಮೂರನೆಯವಳ ಮೇಲೆ ಬೆರಳಿಟ್ಟೆ. "ಅಪ್ಪ, ಇವಳ್ಯಾರು?"

ಅಪ್ಪ ಕನ್ನಡಕ ಏರಿಸಿಕೊಂಡ. "ಅಮ್ಮ ಅಲ್ವಾ."

"ಸರಿ." ಎರಡನೆಯದನ್ನು ಹಾಕಿದೆ. "ಇದ್ರಲ್ಲಿ?"

"ಅಮ್ಮ..." ಎಂದವನು ಅಲ್ಲಿಗೇ ನಿಲ್ಲಿಸಿದ. ಆ ಚಿತ್ರವನ್ನು ಅವನು ಸ್ಪಷ್ಟವಾಗಿ ನೋಡಿದ್ದು ಅದೇ ಮೊದಲು. ಅವನ ಕಣ್ಣು ಮೂರನೆಯವಳ ಭುಜಕ್ಕೆ ಹೋಯಿತು, ಅಲ್ಲಿಂದ ತೋಳಿಗೆ, ಅಲ್ಲಿಂದ ಸೊಂಟಕ್ಕೆ. ಅಭ್ಯಾಸಬಲದಿಂದ ಅಳತೆ ತೆಗೆದುಕೊಳ್ಳುತ್ತಿದ್ದ.

ನನಗೆ ಮೈಯೆಲ್ಲ ಉರಿದುಹೋಯಿತು. ರಸ್ತೆಯಾಚೆ ನಡೆದುಹೋಗುವವನ ಎಡಭುಜ ಅರ್ಧ ಇಂಚು ಇಳಿದಿದೆ ಎಂದು ಕೂತಲ್ಲಿಂದಲೇ ಹೇಳುವ ಮನುಷ್ಯ ಇವನು. ಟೇಪು ಅಳತೆ ತಪ್ಪೀತು, ಇವನ ಕಣ್ಣು ತಪ್ಪದು. ಇಂಥವನು ಇನ್ನೊಬ್ಬಳ ಭುಜವನ್ನು ತನ್ನ ಹೆಂಡತಿಯದೆಂದು ತಿಳಿದನೇ? ಮುಖ ಮಸುಕಾಗಿತ್ತು, ಸರಿ. ಭುಜ ಮಸುಕಾಗಿರಲಿಲ್ಲವಲ್ಲ!

"ಗಿರಾಕಿಗಳ ಅಳತೆ ಮೂವತ್ತು ವರ್ಷದಿಂದ ನೆನಪಿಟ್ಕೊಂಡಿದ್ದೀಯ. ಹೆಂಡತಿ ಅಳತೆ ಮರೆತೋಯ್ತಾ?" ಎಂದೆ.

ಅಪ್ಪ ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸಿದ. "ಆಮೇಲೆ ಮಾತಾಡೋಣ, ಈ ಕೋಟು..."

"ಹೇಳಿಬಿಡೋ" ಎಂದಳು ಅತ್ತೆ. ಸೂಜಿಯಿಂದ ಕಣ್ಣೆತ್ತಲಿಲ್ಲ. "ಶನಿವಾರ ಆ ಹಿಂಬಾಗಿಲಲ್ಲಿ ಯಾರನ್ನ ಅಂತ ಕಾಯ್ತಾಳೆ ಅವಳು?"

ಅಂದರೆ ಇವಳಿಗೂ ಗೊತ್ತಿತ್ತು. ಅಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತು, ಹೀರೊನ ಗೇಲಿ ಮಾಡುತ್ತಾ, ಚಪ್ಪಾಳೆ ತಟ್ಟುತ್ತಾ. ಅದು ಬರೀ ಆಟವೆಂದು ಇಬ್ಬರಿಗೂ ಗೊತ್ತಿತ್ತು, ನಿಜವೆಂದು ನಂಬಿ ಆಡುತ್ತಿದ್ದವಳು ನಾನೊಬ್ಬಳೇ.

"ಅವಳಿಲ್ಲ" ಎಂದ ಅಪ್ಪ.

"ಕಂಪನೀಲಿ ಇಲ್ವಾ?"

"ಎಲ್ಲೂ ಇಲ್ಲ ಮಗಳೇ."

ನನಗೆ ಎರಡು ವರ್ಷವಿದ್ದಾಗ ಜ್ವರ ಬಂತಂತೆ ಅವಳಿಗೆ. ವಾರ ತುಂಬುವುದರೊಳಗೆ ತೀರಿಕೊಂಡಳಂತೆ. ಅವಳು ಎಲ್ಲೂ ಕುಣಿದವಳಲ್ಲ. ಇದೇ ಅಂಗಡಿಯಲ್ಲಿ, ಈಗ ಅತ್ತೆ ಕೂತ ಜಾಗದಲ್ಲಿ ಕೂತು, ಕಾಜ ಹಾಕುತ್ತಿದ್ದಳು. ಅಪ್ಪ ಇದನ್ನು ಹೇಳುವಾಗ ನನ್ನನ್ನು ನೋಡದೆ ಕೋಟಿನ ಬಟ್ಟೆಯನ್ನೇ ನೋಡುತ್ತಿದ್ದ.

"ನೀನು ಅಮ್ಮ ಎಲ್ಲಿ ಅಮ್ಮ ಎಲ್ಲಿ ಅಂತ ಅನ್ನ ನೀರು ಬಿಟ್ಟಿದ್ದೆ. ಅಕ್ಕ ನಿನ್ನ ಸುಮ್ಮನಾಗಿಸೋಕೆ ಅಂತ ಎಲ್ಲಿಂದಲೋ ಆ ಕ್ಯಾಸೆಟ್ ತಂದ್ಳು. ಹಾಕಿದ ತಕ್ಷಣ ನೀನು ಟೀವಿ ಹತ್ರ ಓಡಿಹೋಗಿ ಒಬ್ಬಳ ಮೇಲೆ ಬೆರಳಿಟ್ಟು 'ಅಮ್ಮ' ಅಂದೆ. ನಗ್ತಾ ಇದ್ದೆ. ಅಷ್ಟು ದಿನ ಆದ್ಮೇಲೆ ನಕ್ಕಿದ್ದೆ. ನಾನು ಹೂಂ ಅಂದ್ಬಿಟ್ಟೆ."

"ಎರಡು ವರ್ಷದ ಮಗೂಗೆ ಹೂಂ ಅಂದೆ, ಒಪ್ಕೊಳ್ತೀನಿ. ಹತ್ತು ವರ್ಷದವಳಿಗೆ? ಇಪ್ಪತ್ತರವಳಿಗೆ? ಮೊನ್ನೆ ಟಿಕೆಟ್ ತಂದು ತೋರಿಸಿದಾಗ?"

"ಒಂದು ಸಲ ಹೇಳಿದ್ಮೇಲೆ ವಾಪಸ್ ಹೇಗೆ ತಗೊಳ್ಳೋದು? ಎರಡನೇ ಕ್ಯಾಸೆಟ್ ಬಂದಾಗ ಎಲ್ಲಿ ಅಂತ ಕೇಳ್ದೆ. ಅಲ್ಲೂ ಎಣಿಸಿ ತೋರಿಸ್ದೆ. ಸತ್ತ ಅಮ್ಮನಿಗಿಂತ ದೂರದಲ್ಲಿರೋ ಅಮ್ಮ ವಾಸಿ ಅನ್ನಿಸ್ತು."

"ಯಾರಿಗೆ ವಾಸಿ?" ನನ್ನ ಧ್ವನಿ ನನಗೇ ಕರ್ಕಶವಾಗಿ ಕೇಳಿತು. "ಅವಳು ನನ್ನ ಬಿಟ್ಟು ಹೋಗೇ ಇರ್ಲಿಲ್ಲ ಅಪ್ಪ! ಬಿಟ್ಟು ಹೋದ್ಳು ಅಂತ ನಾನು ಅವಳಿಗೆ ಏನೇನು ಶಾಪ ಹಾಕಿದ್ದೀನಿ ಗೊತ್ತಾ? ನಿನ್ನ ಎದುರಿಗೇ ಎಷ್ಟು ಸಲ ಬೈದಿಲ್ಲ? ಒಂದು ಸಲನಾದ್ರೂ ಅವಳ ಪರವಾಗಿ ಒಂದು ಮಾತಾಡಿದ್ಯಾ?"

ಅಪ್ಪ ತಲೆ ತಗ್ಗಿಸಿದ. ನಾನು ಅಮ್ಮನನ್ನು ಬೈಯುವಾಗೆಲ್ಲ ಅವನು ಹೀಗೇ ಕೂರುತ್ತಿದ್ದ. ಅವನಿಗೂ ನನ್ನಷ್ಟೇ ನೋವಾಗಿದೆ ಎಂದು ನಾನೇ ಹೋಗಿ ಬೆನ್ನು ಸವರುತ್ತಿದ್ದೆ! ನಂಬಿದವರ ಕುತ್ತಿಗೆ ಕೊಯ್ಯುವುದು ಎನ್ನುತ್ತಾರೆ. ಇವನು ನನ್ನ ಕುತ್ತಿಗೆಯೊಂದನ್ನೇ ಅಲ್ಲ, ಬಾಯಿಲ್ಲದ ಅವಳ ಕುತ್ತಿಗೆಯನ್ನೂ ಕೊಯ್ದಿದ್ದ, ಅದೂ ನನ್ನ ಕೈಯಲ್ಲಿ ಕತ್ತಿ ಕೊಟ್ಟು.

"ಫೋಟೊ ಇದ್ಯಾ?" ಎಂದು ಕೇಳಿದೆ. "ಅದನ್ನೂ ಅವಳೇ ತಗೊಂಡು ಹೋದ್ಳಾ?"

ಅತ್ತೆ ಎದ್ದು ಮಹಡಿಗೆ ಹೋದಳು. ಟ್ರಂಕು ಎಳೆದ ಸದ್ದು ಕೇಳಿತು. ಕೆಳಗೆ ಅಪ್ಪ ಮತ್ತು ನಾನು ಇಬ್ಬರೇ. ಲ್ಯಾಪ್‌ಟಾಪಿನಲ್ಲಿ ಸಾಲು ಇನ್ನೂ ಕುಣಿಯುತ್ತಲೇ ಇತ್ತು. ನಿಲ್ಲಿಸಲು ನನಗೂ ತೋಚಲಿಲ್ಲ, ಅವನಿಗೂ ತೋಚಲಿಲ್ಲ. ಅತ್ತೆ ಬಂದು ಒಂದು ಫೋಟೊವನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

ತೆಳ್ಳನೆಯ ಹೆಂಗಸು. ಕುರ್ಚಿಯ ಮೇಲೆ ಕೂತಿದ್ದಾಳೆ, ತೊಡೆಯ ಮೇಲೆ ಒಂದು ಮಗು. ಮಗು ನಾನೇ ಇರಬೇಕು. ಕ್ಯಾಮೆರಾದವನು ಏನೋ ಹೇಳಿದ್ದಕ್ಕೆ ನಗುತ್ತಿದ್ದಾಳೆ. ಫೋಟೊ ಮಂಡಿಯ ಹತ್ತಿರಕ್ಕೇ ಮುಗಿದಿದೆ, ಕಾಲು ಕಾಣುವುದಿಲ್ಲ. ನಾನು ಅವಳ ಕಣ್ಣು ನೋಡಿದೆ, ಹಣೆ ನೋಡಿದೆ, ನನ್ನನ್ನು ಹಿಡಿದ ಕೈ ನೋಡಿದೆ. ಇವಳೇ, ಇವಳೇ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನೊಳಗೆ ಏನೂ ಅಲುಗಲಿಲ್ಲ. ಆಸ್ಪತ್ರೆಯಲ್ಲಿ ಹೊಸ ರೋಗಿಯನ್ನು ನೋಡುವಷ್ಟೇ ನೋಡಿದೆ.

ಲ್ಯಾಪ್‌ಟಾಪಿನಲ್ಲಿ ಕೊನೆಯ ಕುಣಿತ ಮುಗಿದು ಜನ ಚಪ್ಪಾಳೆ ತಟ್ಟತೊಡಗಿದರು. ಸಾಲಿನವರೆಲ್ಲ ಕೈ ಹಿಡಿದುಕೊಂಡು ಬಾಗಿದರು. ಬಲತುದಿಯಲ್ಲಿ ದುಂಡು ಮುಖದವಳೂ ಬಾಗಿದಳು, ಏದುಸಿರು ಬಿಡುತ್ತಾ, ನಗುತ್ತಾ. ಅವಳು ನನಗೆ ಏನೂ ಆಗಬೇಕಾಗಿಲ್ಲ. ನಾನು ಹುಟ್ಟಿದ್ದೇ ಅವಳಿಗೆ ಗೊತ್ತಿಲ್ಲ. ನನಗೆ ಆಗ ತಡೆಯಲಾಗದಷ್ಟು ಅಳು ಬಂತು. ಇಸ್ತ್ರಿ ಮೇಜಿನ ಅಂಚು ಹಿಡಿದುಕೊಂಡು ಅತ್ತುಬಿಟ್ಟೆ.

ಅಪ್ಪ ಹತ್ತಿರ ಬಂದ. ಫೋಟೊ ಇನ್ನೂ ನನ್ನ ಕೈಯಲ್ಲಿತ್ತು. ಅದನ್ನು ನೋಡಿ ಅವನ ಮುಖದಲ್ಲಿ ಏನೋ ಒಂದು ಸಮಾಧಾನ ಮೂಡಿದಂತೆ ಕಂಡಿತು, ಇನ್ನೇನು ಎಲ್ಲ ಸರಿಹೋಗುತ್ತದೆ ಎಂಬಂತೆ.

"ಅತ್ತುಬಿಡು ಪುಟ್ಟಿ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟ. "ಎಷ್ಟಾದ್ರೂ ಹೆತ್ತ ತಾಯಿ."

ನಾನು ಅವನ ಕೈ ತೆಗೆದೆ.

"ನಾನು ಇವಳಿಗೋಸ್ಕರ ಅಳ್ತಾ ಇಲ್ಲ ಅಪ್ಪ" ಎಂದೆ.